ಗಾಳಿಮಳೆಗೆ ಶೀಟ್ ಹಾರದ ಹಾಗೆ, ಹಂಚು ಜಾರದ ಹಾಗೆ ಮನೆ ಕಾಪಾಡ್ಕೊಳ್ಳೋದು ಹೇಗೆ: ಸಮಗ್ರ ಮಾರ್ಗದರ್ಶಿ

ಏಪ್ರಿಲ್-ಮೇ ಬಂತು ಅಂದ್ರೆ ಕಲಬುರಗಿ, ವಿಜಯಪುರದಿಂದ ಹಿಡಿದು ಚಾಮರಾಜನಗರದ ತನಕ ಪೇಪರ್‌ನಲ್ಲಿ ಒಂದೇ ಥರದ ಸುದ್ದಿ: ಬಿರುಗಾಳಿಗೆ ಹಾರಿದ ತಗಡು, ಉರುಳಿದ ಕರೆಂಟ್ ಕಂಬ, ಶೀಟ್ ಮೇಲಿಟ್ಟಿದ್ದ ಕಲ್ಲು ಬಿದ್ದು ಒಳಗೆ ಮಲಗಿದ್ದೋರಿಗೆ ಪೆಟ್ಟು. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ಹಿರಿಯರು ಹೇಳಿದ್ದು ಸರಿನೇ, ಆದ್ರೆ ಆ ಭರಣಿ, ಕೃತ್ತಿಕೆ ಮಳೆ ಬರೋದೇ ಗಾಳಿ ಗುಡುಗನ್ನ ಮುಂದೆ ಕಳಿಸ್ಕೊಂಡು. ಕರಾವಳಿ ಕಡೆ ಇನ್ನೊಂದು ಥರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಬಂದು ಅಪ್ಪಳಿಸ್ಲೇ ಇಲ್ಲ, ಸಮುದ್ರದಲ್ಲೇ ಉತ್ತರಕ್ಕೆ ಹೋಗಿ ಗುಜರಾತ್‌ನಲ್ಲಿ ನೆಲ ಮುಟ್ಟಿದ್ದು, ಹಾಗಿದ್ರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಮನೆ, ತೋಟ, ಕಂಬ ಎಷ್ಟು ಹಾಳಾಯ್ತು ಅಂತ ಅಲ್ಲಿನೋರಿಗೆ ಚೆನ್ನಾಗಿ ಗೊತ್ತು.

ನಾನು ಶೀಟ್ ಕೆಲಸ, ಫ್ಯಾಬ್ರಿಕೇಷನ್ ಕೆಲಸ ಮಾಡೋರ ಜೊತೆ ಬಹಳ ವರ್ಷದಿಂದ ಓಡಾಡ್ಕೊಂಡು ಇದೀನಿ. ಗಾಳಿ ಬಂದ ಮಾರನೇ ದಿನ ಹೋಗಿ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಮನೆದೂ ಒಂದೇ ಕಥೆ. ಶೀಟ್ ಚೆನ್ನಾಗೇ ಇರುತ್ತೆ, ಅದನ್ನ ಹೊತ್ತಿರೋ ಅಡ್ಡ ಕಬ್ಬಿಣದ ಪೈಪ್ ಚೆನ್ನಾಗೇ ಇರುತ್ತೆ, ಎರಡನ್ನೂ ಹಿಡಿದಿಡ್ಬೇಕಾದ ಸ್ಕ್ರೂ ಇರಲ್ಲ, ಅದಿದ್ರೆ ಪೈಪನ್ನ ಗೋಡೆಗೆ ಹಿಡಿದಿಡ್ಬೇಕಾದ ಬೋಲ್ಟ್ ಇರಲ್ಲ. ಅದಕ್ಕೇ ಈ ಬರಹದ ಉದ್ದಕ್ಕೂ ನಾನು ಹೇಳೋದು ಒಂದೇ: ಭಾರ ಹೇರಬೇಡಿ, ಕಟ್ಟಿ. ಶೀಟಿನಿಂದ ಪೈಪಿಗೆ, ಪೈಪಿನಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಎಲ್ಲೂ ಬಿಟ್ಟುಹೋಗದ ಹಾಗೆ ಕಟ್ಟಿ.

ಮೊದಲು, ಗಾಳಿ ನಿಜವಾಗ್ಲೂ ಏನ್ ಮಾಡುತ್ತೆ

ಗಾಳಿ ಮನೆನ ತಳ್ಳುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಗೋಡೆಗೆ ಅದು ಸರಿ, ಆದ್ರೆ ಛಾವಣಿಗೆ ಗಾಳಿ ಮಾಡೋದು ಎತ್ತೋ ಕೆಲಸ. ಸೂರಿನ ಅಂಚು ದಾಟಿ ಮೇಲೆ ಹೋಗೋವಾಗ ಗಾಳಿ ವೇಗ ಜಾಸ್ತಿ ಆಗಿ ಶೀಟಿನ ಮೇಲುಗಡೆ ಒತ್ತಡ ಇಳಿಯುತ್ತೆ, ಒಳಗಿರೋ ಗಾಳಿ ಶೀಟನ್ನ ಕೆಳಗಿಂದ ಮೇಲಕ್ಕೆ ನೂಕುತ್ತೆ. ಅದೇ ಹೊತ್ತಿಗೆ ಗಾಳಿ ಬರೋ ಕಡೆ ಬಾಗಿಲೋ ಕಿಟಕಿಯೋ ತೆಗೆದಿದ್ರೆ, ಛತ್ರಿಯೊಳಗೆ ಗಾಳಿ ಹೊಕ್ಕು ಅದು ಮಗುಚ್ಕೊಳ್ಳುತ್ತಲ್ಲ ಹಾಗೆ, ಒಳಗಿನ ಒತ್ತಡ ಇನ್ನೂ ಏರುತ್ತೆ. ಅಂಚಲ್ಲಿ, ಮೂಲೆಗಳಲ್ಲಿ ಈ ಎಳೆತ ಮಧ್ಯದಕ್ಕಿಂತ ತುಂಬಾ ಜಾಸ್ತಿ. ಶೀಟ್ ಯಾವತ್ತೂ ಮೂಲೆಯಿಂದನೇ ಸುರುಳಿ ಬಿಚ್ಚಿದ ಹಾಗೆ ಏಳೋದು ಇದಕ್ಕೇ.

ಲೆಕ್ಕ ನೋಡಿ. ಗಾಳಿ ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟು ಆಗುತ್ತೆ. ಗಂಟೆಗೆ 50 ಕಿಮೀ ಗಾಳಿಗೆ ಒಂದು ಚದರ ಮೀಟರ್ ಮೇಲೆ ಸುಮಾರು 12 ಕೆಜಿ, 100 ಕಿಮೀಗೆ ಸುಮಾರು 47 ಕೆಜಿ. ಹತ್ತಡಿ ಹತ್ತಡಿ ರೂಮಿನ ಮಾಡು (ಛಾವಣಿ) ಅಂದ್ರೆ ಒಂಬತ್ತು ಚದರ ಮೀಟರ್ ಮೇಲಾಯ್ತು, ಅಲ್ಲಿಗೆ 100 ಕಿಮೀ ಗಾಳಿಲಿ ಆ ಮಾಡನ್ನ ಎತ್ತೋ ಬಲ ಹೆಚ್ಚುಕಮ್ಮಿ 430 ಕೆಜಿ. ಅರ್ಧ ಎಂಎಂ ದಪ್ಪದ ಶೀಟ್ ಇಡೀ ರೂಮಿಗೆ ತೂಗೋದು 45 ಕೆಜಿ ಆಸುಪಾಸು. ಮೇಲೆ ಹತ್ತು ಕೆಜಿದು ಹತ್ತು ಕಲ್ಲು ಇಟ್ರೂ ಒಟ್ಟು 150 ಕೆಜಿ ಮುಟ್ಟಲ್ಲ. ಆಗ ಕಲ್ಲಿನ ಸಮೇತ ಶೀಟ್ ಏಳುತ್ತೆ, ಶೀಟ್ ಪಕ್ಕದ ಹೊಲಕ್ಕೆ ಹೋಗುತ್ತೆ, ಕಲ್ಲು ಮನೆಯೊಳಗೆ ಬೀಳುತ್ತೆ.

100 ಕಿಮೀ ಗಾಳಿ ನಮ್ಮಲ್ಲೆಲ್ಲಿ ಬರುತ್ತೆ ಅಂತ ಕೇಳ್ಬೋದು. ಕಟ್ಟಡಗಳ ಗಾಳಿ ಲೆಕ್ಕಕ್ಕೆ ಅಂತಾನೇ ನಮ್ಮ ದೇಶದಲ್ಲಿ ಐಎಸ್ 875 ಮೂರನೇ ಭಾಗ ಅಂತ ಒಂದು ಮಾನದಂಡ ಇದೆ, ಅದರ ಪ್ರಕಾರ ಬೆಂಗಳೂರಿಗೆ ಹಿಡಿಬೇಕಾದ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಸುಮಾರು 119 ಕಿಮೀ. ಮಂಗಳೂರಿಗೆ 39 ಮೀಟರ್, ಸುಮಾರು 140 ಕಿಮೀ. ಇದು ದಿನಾ ಬೀಸೋ ಗಾಳಿ ಅಲ್ಲ, ಮನೆ ಬಾಳೋ ಅಷ್ಟು ಕಾಲದಲ್ಲಿ ಯಾವತ್ತೋ ಒಂದು ದಿನ ಕೆಲವೇ ಸೆಕೆಂಡು ಬಂದುಹೋಗ್ಬೋದಾದ ಜೋರು. ಶೀಟ್ ಹಾರೋಕೆ ಆ ಕೆಲವು ಸೆಕೆಂಡೇ ಸಾಕು.

ಹಂತ 1: ಶಿವರಾತ್ರಿ ಆದ್ಮೇಲೆ, ಯುಗಾದಿ ಒಳಗೆ ಒಂದು ಸಲ ಮೇಲೆ ಹತ್ತಿ ನೋಡಿ

ಮೋಡ ಕಟ್ಟಿದ ಮೇಲೆ ಏಣಿ ಹುಡುಕೋದಲ್ಲ. ಆಗ ವೆಲ್ಡರ್ ಸಿಗಲ್ಲ, ಸಿಕ್ಕಿದ್ರೂ ಅವಸರದ ಕೆಲಸ. ಬಿಸಿಲಿನ ದಿನ, ಬೆಳಿಗ್ಗೆ, ಗಾಳಿ ಇಲ್ಲದ ಹೊತ್ತಲ್ಲಿ ಹತ್ತಿ, ಒಬ್ರು ಕೆಳಗೆ ಏಣಿ ಹಿಡ್ಕೊಂಡಿರ್ಲಿ, ಕಂಬದಿಂದ ಮನೆಗೆ ಬರೋ ಸರ್ವಿಸ್ ವೈರ್ ಕೈಗೆಟುಕೋ ದೂರದಲ್ಲಿದ್ರೆ ಹತ್ತೋದೇ ಬೇಡ. ಸಿಮೆಂಟ್ ಶೀಟ್ ಆಗಿದ್ರೆ ಅದರ ಮೇಲೆ ನೇರ ಕಾಲಿಡ್ಲೇಬೇಡಿ. ಹಳೇ ಸಿಮೆಂಟ್ ಶೀಟು ನೋಡೋಕೆ ಗಟ್ಟಿಯಾಗಿ ಕಂಡ್ರೂ ಕಾಲಿಟ್ಟ ಕಡೆ ಪಟ್ಟಂತ ಮುರಿದು ಆಳು ಕೆಳಗೆ ಬೀಳ್ತಾರೆ, ಹಾಗಾಗಿ ಎರಡು ಪೈಪಿಗೆ ತಾಗೋ ಹಾಗೆ ಉದ್ದದ ಹಲಗೆ ಹಾಕ್ಕೊಂಡು ಅದರ ಮೇಲೆ ಮಾತ್ರ ಓಡಾಡಿ.

ಶೀಟಿನ ಅಂಚನ್ನ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸಿ. ಗಟ್ಟಿ ಕೂತಿರೋ ಶೀಟು ಬಾಗುತ್ತೆ ಅಷ್ಟೇ, ಸದ್ದು ಬರಲ್ಲ. ಟಕ್ ಟಕ್ ಅಂತ ಸದ್ದು ಬಂದ್ರೆ ಆ ಸಾಲಲ್ಲಿ ಯಾವುದೋ ಸ್ಕ್ರೂ ಸಡಿಲ ಆಗಿದೆ. ಆ ಸ್ಕ್ರೂ ಹತ್ರ ಬಗ್ಗಿ ನೋಡಿ, ತಲೆ ಕೆಳಗಿರೋ ಕಪ್ಪು ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳು ಬಿಟ್ಟಿರುತ್ತೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರುತ್ತೆ. ವಾಷರ್ ಹೋದ ಮೇಲೆ ಗಾಳಿಗೆ ಶೀಟ್ ಅಲ್ಲಾಡ್ತಾ ಅಲ್ಲಾಡ್ತಾ ದುಂಡಗಿದ್ದ ತೂತು ಮೊಟ್ಟೆ ಆಕಾರಕ್ಕೆ ಬಂದಿರುತ್ತೆ, ತೂತಿನ ಸುತ್ತ ತುಕ್ಕು ಹಿಡಿದು ತಗಡು ತೆಳ್ಳಗಾಗಿರುತ್ತೆ. ಅಂಥ ಕಡೆ ಸ್ಕ್ರೂ ಎಷ್ಟೇ ಬಿಗಿ ಇದ್ರೂ ಜೋರು ಗಾಳಿಗೆ ಶೀಟು ಸ್ಕ್ರೂ ತಲೆಯನ್ನೇ ದಾಟ್ಕೊಂಡು ಮೇಲೆ ಬಂದ್ಬಿಡುತ್ತೆ. ಚಾಕ್‌ಪೀಸ್ ಇಟ್ಕೊಂಡು ಅಂಥ ಜಾಗಕ್ಕೆಲ್ಲಾ ಗುರುತು ಹಾಕ್ತಾ ಹೋಗಿ. ಆಮೇಲೆ ಒಳಗೆ ಬಂದು ಟಾರ್ಚ್ ಹಿಡಿದು ಪೈಪು ಗೋಡೆ ಸೇರೋ ಜಾಗ ನೋಡಿ, ಅಲ್ಲಿ ಸಿಮೆಂಟ್ ಬಿರುಕು ಬಿಟ್ಟಿದ್ರೆ ಅಥವಾ ಪೈಪನ್ನ ಕೈಯಲ್ಲಿ ನೂಕಿದಾಗ ಕದಲಿದ್ರೆ ಅದು ಸ್ಕ್ರೂಗಿಂತ ದೊಡ್ಡ ಸಮಸ್ಯೆ, ಅದಕ್ಕೆ ಹಂತ 3ರಲ್ಲಿ ಬರ್ತೀನಿ.

ಹಂತ 2: ಶೀಟನ್ನ ಪೈಪಿಗೆ ಕಟ್ಟೋದು

ಸ್ಕ್ರೂ ಎಷ್ಟು ಹಾಕ್ಬೇಕು ಅನ್ನೋದೇ ಇಲ್ಲಿ ದೊಡ್ಡ ಜಗಳ. ಕೆಲಸದೋರು ಸಾಮಾನ್ಯವಾಗಿ "ಸಾರ್, ಶೀಟಿಗೆ ಆರು ಸ್ಕ್ರೂ ಸಾಕು, ಎಲ್ಲಾ ಕಡೆ ಹಿಂಗೇ ಹಾಕೋದು" ಅಂತಾರೆ. ಅವರ ಜೊತೆ ವಾದ ಮಾಡೋಕೆ ಹೋಗ್ಬೇಡಿ, "ಅಣ್ಣಾ, ಸ್ಕ್ರೂ ನಾನೇ ತಂದ್ಕೊಡ್ತೀನಿ, ಅಂಚಲ್ಲಿ ಮಾತ್ರ ಅರ್ಧ ಅಡಿಗೊಂದು ಹಾಕ್ಬಿಡಿ" ಅನ್ನಿ, ಪಕ್ಕದಲ್ಲೇ ನಿಂತು ಹಾಕಿಸ್ಕೊಳ್ಳಿ. ಮಧ್ಯದ ಪೈಪುಗಳ ಮೇಲೆ ಅಡಿಗೊಂದು ಇದ್ರೆ ನಡೆಯುತ್ತೆ. ಸೂರಿನ ಕಡೆ, ಮೇಲ್ತುದಿ ಕಡೆ, ಎರಡೂ ಪಕ್ಕದ ಅಂಚಲ್ಲಿ ಮತ್ತೆ ನಾಲ್ಕೂ ಮೂಲೆಯಲ್ಲಿ ಅರ್ಧ ಅಡಿಗೊಂದು ಬೇಕು. ಒಂದು ಸ್ಕ್ರೂಗೆ ಕೆಲವೇ ರೂಪಾಯಿ, ಇಡೀ ಮನೆಗೆ ನೂರು ಹೆಚ್ಚಿಗೆ ಹಾಕಿಸಿದ್ರೂ ಒಂದು ಶೀಟಿನ ರೇಟು ದಾಟೋದು ಕಷ್ಟ.

ಸ್ಕ್ರೂ ಕಚ್ಚೋದು ಪೈಪಿನ ದಪ್ಪದಲ್ಲಿ ಅನ್ನೋದನ್ನ ಮರೀಬೇಡಿ. ಕಾಸು ಉಳಿಸೋಕೆ ತೆಳ್ಳಗಿನ ಸ್ಕ್ವೇರ್ ಪೈಪ್ ಹಾಕಿಸಿದ್ರೆ ಸ್ಕ್ರೂವಿನ ಒಂದೋ ಎರಡೋ ಸುತ್ತು ಮಾತ್ರ ಕಚ್ಚಿರುತ್ತೆ, ಜೋರಾಗಿ ಎಳೆದ್ರೆ ಕಿತ್ಕೊಂಡು ಬರುತ್ತೆ. ಹೊಸದಾಗಿ ಹಾಕಿಸೋರು ಎರಡು ಎಂಎಂ ಪೈಪ್ ಕೇಳಿ. ಈಗಾಗ್ಲೇ ತೆಳ್ಳಗಿನ ಪೈಪ್ ಇದ್ರೆ ಅಂಚಿನ ಸಾಲಿಗಾದ್ರೂ ಸ್ಕ್ರೂ ಬದಲು ಜೆ ಹುಕ್ ಹಾಕ್ಸಿ, ಅದು ಪೈಪನ್ನ ಕೆಳಗಿಂದ ತಬ್ಕೊಂಡು ಮೇಲೆ ನಟ್‌ನಲ್ಲಿ ಬಿಗಿಯಾಗುತ್ತೆ, ಪೈಪ್ ಎಷ್ಟೇ ತೆಳುವಿದ್ರೂ ಕಿತ್ತು ಬರಲ್ಲ. ಎಂಟು ಎಂಎಂ ದಪ್ಪದ್ದು, ಸತು ಲೇಪ ಇರೋದು ತಗೊಳ್ಳಿ. ಸ್ಕ್ರೂ ಆಗ್ಲಿ ಹುಕ್ ಆಗ್ಲಿ ಶೀಟಿನ ಉಬ್ಬಿನ ಮೇಲೇ ಬರ್ಬೇಕು, ತಗ್ಗಲ್ಲಿ ಹಾಕಿದ್ರೆ ನೀರು ನಿಂತು ಸೋರುತ್ತೆ, ಆಮೇಲೆ ತುಕ್ಕು. ಬಿಗಿ ಮಾಡೋವಾಗ ವಾಷರ್ ಸ್ವಲ್ಪ ಒತ್ಕೊಂಡ್ರೆ ಸಾಕು, ಉಬ್ಬು ಚಪ್ಪಟೆ ಆಗೋ ತನಕ ತಿರುಗಿಸ್ಬಾರ್ದು.

ತೂತು ದೊಡ್ಡದಾಗಿರೋ ಹಳೇ ಶೀಟನ್ನ ಬಿಸಾಕಲೇಬೇಕು ಅಂತಿಲ್ಲ. ಒಂದಿಂಚು ಅಗಲ, ಮೂರು ಎಂಎಂ ದಪ್ಪದ ಕಬ್ಬಿಣದ ಪಟ್ಟಿ ತಂದು ಅಂಚಿನ ಪೈಪಿನ ನೇರಕ್ಕೆ ಶೀಟಿನ ಮೇಲೆ ಉದ್ದಕ್ಕೂ ಮಲಗಿಸಿ, ಪಟ್ಟಿಯಲ್ಲಿ ತೂತು ಕೊರೆದು, ಪಟ್ಟಿ ಶೀಟು ಎರಡನ್ನೂ ಸೇರಿಸಿ ಜೆ ಹುಕ್ ಬಿಗಿ ಮಾಡ್ಸಿ. ಆಗ ಎಳೆತ ಒಂದೊಂದು ತೂತಿನ ಮೇಲೆ ಬೀಳೋ ಬದಲು ಇಡೀ ಪಟ್ಟಿಗೆ ಹಂಚಿಹೋಗುತ್ತೆ. ಬಣ್ಣ ಹೊಡೆಸೋದು ಮಾತ್ರ ಬಿಡ್ಬೇಡಿ. ನನ್ನ ಕೇಳಿದ್ರೆ ಇಡೀ ಬರಹದಲ್ಲಿ ಕಮ್ಮಿ ಖರ್ಚಲ್ಲಿ ಜಾಸ್ತಿ ಲಾಭ ಕೊಡೋ ಕೆಲಸ ಇದೇ.

ಹೊಸದಾಗಿ ಶೀಟ್ ಹಾಕಿಸೋರಿಗೆ ಎರಡು ಮಾತು. ಒಂದರ ಮೇಲೊಂದು ಶೀಟ್ ಕೂತ ಕಡೆ ಮೇಲಿನ ಶೀಟಿನ ಬಿಟ್ಟ ಅಂಚು ಗಾಳಿಗೆ ಎದುರಾಗಿರ್ಬಾರ್ದು, ನಮ್ಮಲ್ಲಿ ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸೋದ್ರಿಂದ ಪೂರ್ವದ ಕಡೆಯಿಂದ ಹಾಕ್ಕೊಂಡು ಬರ್ಬೇಕು. ಬೇಸಿಗೆ ಗುಡುಗು ಮಳೆ ಗಾಳಿ ಯಾವ ದಿಕ್ಕಿಂದ ಬೇಕಾದ್ರೂ ಬರ್ಬೋದು, ಅದಕ್ಕೆ ಇದೊಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಎರಡನೇದು, ಗೋಡೆಯಿಂದ ಹೊರಗೆ ಚಾಚೋ ಸೂರು ಒಂದೂವರೆ ಅಡಿ ದಾಟ್ಬಾರ್ದು. ನೆರಳಿಗೆ ಅಂತ ಮೂರಡಿ ನಾಲ್ಕಡಿ ಬಿಡಿಸ್ತಾರೆ, ಗಾಳಿ ಕೆಳಗಿಂದ ಹಿಡಿದು ಎತ್ತೋದೇ ಅಲ್ಲಿ. ನೆರಳು ಬೇಕೇ ಬೇಕು ಅಂದ್ರೆ ಜಗುಲಿಗೆ ಬೇರೆ ಕಂಬ, ಬೇರೆ ಶೀಟ್ ಹಾಕ್ಸಿ, ಮನೆ ಮಾಡಿಗೆ ಅದನ್ನ ಸೇರಿಸ್ಬೇಡಿ, ಹಾರಿದ್ರೂ ಅದು ಮಾತ್ರ ಹಾರುತ್ತೆ, ಮಲಗೋ ಕೋಣೆ ಮೇಲಿಂದು ಉಳಿಯುತ್ತೆ. ಇಳಿಜಾರು ತೀರಾ ಚಪ್ಪಟೆ ಇರ್ಬಾರ್ದು, 22ರಿಂದ 30 ಡಿಗ್ರಿ ಇದ್ರೆ ಗಾಳಿ ಎಳೆತ ಕಮ್ಮಿ. ನಾಲ್ಕೂ ಕಡೆ ಇಳಿಜಾರಿರೋ ಮಾಡು ಎರಡು ಕಡೆ ಇಳಿಜಾರಿರೋದಕ್ಕಿಂತ ಗಾಳಿ ತಡ್ಕೊಳ್ಳುತ್ತೆ.

ಹಂತ 3: ಪೈಪನ್ನ ಗೋಡೆಗೆ, ಗೋಡೆ ಸರಿ ಇಲ್ಲದಿದ್ರೆ ನೆಲಕ್ಕೆ

ಶೀಟಿಗೆ ಇನ್ನೂರು ಸ್ಕ್ರೂ ಹೊಡೆಸಿ ಪೈಪನ್ನ ಗೋಡೆ ಮೇಲೆ ಸುಮ್ನೆ ಕೂರಿಸಿ ಅಕ್ಕಪಕ್ಕ ಎರಡು ಇಟ್ಟಿಗೆ ಮುಚ್ಚಿದ್ರೆ ಪೈಪಿನ ಸಮೇತ ಮಾಡು ಏಳುತ್ತೆ, ಆಗ ಅಪಾಯ ಇನ್ನೂ ಜಾಸ್ತಿ.

ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಗೋಡೆ ಗಟ್ಟಿ ಇದ್ರೆ, ಪ್ರತಿ ಪೈಪಿನ ತುದಿಯಲ್ಲಿ ಒಂದು ಕಬ್ಬಿಣದ ಪಟ್ಟಿಯನ್ನ ಪೈಪಿನ ಮೇಲಿಂದ ಬಾಗಿಸಿ ಗೋಡೆಯ ಎರಡೂ ಮುಖದ ಮೇಲೆ ಎರಡಡಿ ಕೆಳಗೆ ಇಳಿಸಿ, ಗೋಡೆಗೆ ಆರಪಾರ ತೂತು ಮಾಡಿ ಬೋಲ್ಟ್ ಹಾಕ್ಸಿ. ಮೊಳೆ ಬೇಡ, ಗೋಡೆಯ ಮೇಲಿನ ಒಂದೇ ಸಾಲು ಇಟ್ಟಿಗೆಗೆ ಕಟ್ಟೋದೂ ಬೇಡ, ಆ ಸಾಲೇ ಎದ್ದು ಬರುತ್ತೆ. ಕೆಳಗೆ ಹೋದಷ್ಟೂ ಗೋಡೆಯ ಜಾಸ್ತಿ ತೂಕ ನಿಮ್ಮ ಕಡೆ ಇರುತ್ತೆ. ಹೊಸ ಮನೆ ಕಟ್ಟೋರಾದ್ರೆ ಗೋಡೆ ಮೇಲೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕಿಸಿ ಅದರಲ್ಲೇ ಬೋಲ್ಟ್ ಹುಗಿಸಿಬಿಡಿ, ಆಮೇಲೆ ಈ ತಲೆನೋವೇ ಇಲ್ಲ.

ಉತ್ತರ ಕರ್ನಾಟಕದ ಕಡೆ ಮಣ್ಣು ಕಲ್ಲಿನ ಗೋಡೆ ಮೇಲೆ ಪತ್ರಾಸ್ (ತಗಡಿನ ಶೀಟ್) ಹಾಕಿರೋ ಮನೆಗಳು ಬಹಳ, ಅಂಥ ಗೋಡೆ ಬೋಲ್ಟ್ ಹಿಡಿಯಲ್ಲ. ಅವರು ನೆಲಕ್ಕೆ ಕಟ್ಬೇಕು. ಮನೆಯ ಹೊರಗೆ ನಾಲ್ಕೂ ಮೂಲೆಲಿ, ಉದ್ದ ಇದ್ರೆ ಮಧ್ಯದಲ್ಲೂ, ಎರಡಡಿ ಉದ್ದ ಎರಡಡಿ ಅಗಲ ಎರಡಡಿ ಆಳದ ಗುಂಡಿ ತೋಡಿ ಕಾಂಕ್ರೀಟ್ ತುಂಬಿ, ಒಳಗೆ ಬಗ್ಗಿಸಿದ ಕಬ್ಬಿಣದ ರಾಡ್ ಒಂದನ್ನ ಕೊಂಡಿ ಮೇಲೆ ಕಾಣೋ ಹಾಗೆ ಹುಗಿದ್ಬಿಡಿ. ಅಷ್ಟು ಕಾಂಕ್ರೀಟು 500 ಕೆಜಿಗೂ ಮೇಲೆ ತೂಗುತ್ತೆ, ಸುತ್ತ ಮಣ್ಣಿನ ಹಿಡಿತ ಬೇರೆ. ಇನ್ನು ಮಾಡಿನ ಮೇಲೆ, ಕೆಳಗಿನ ಪೈಪಿನ ನೇರಕ್ಕೆ ಇನ್ನೊಂದು ಪೈಪ್ ಮಲಗಿಸಿ, ಅದರ ಎರಡೂ ತುದಿಯಿಂದ ಸ್ಟೀಲ್ ವೈರ್ ರೋಪ್ ಇಳಿಸಿ ಆ ಕೊಂಡಿಗೆ ಕಟ್ಟಿ, ಬಿಗಿ ಮಾಡೋಕೆ ಟರ್ನ್‌ಬಕಲ್ ಹಾಕಿ, ರೋಪಿನ ಪ್ರತಿ ತುದಿಗೆ ಕ್ಲ್ಯಾಂಪು ಮೂರು ಹಾಕಿ, ಒಂದೇ ಹಾಕಿದ್ರೆ ಜಾರುತ್ತೆ. ರೋಪ್ ನೇರ ಶೀಟಿನ ಮೇಲೆ ಬಿಡ್ಬೇಡಿ, ಅಂಚು ರೋಪನ್ನ ತಿಂದುಹಾಕುತ್ತೆ. ಹಾದಿಯಲ್ಲಿ ಓಡಾಡೋ ಮಕ್ಕಳಿಗೆ ರೋಪ್ ಕಾಣೋ ಹಾಗೆ ಕೆಂಪು ಬಟ್ಟೆ ಕಟ್ಟಿ.

ಇಷ್ಟಾದ ಮೇಲೆ ಆ ಕಲ್ಲುಗಳನ್ನ ದಯವಿಟ್ಟು ಕೆಳಗಿಳಿಸಿ, ವಿಶೇಷವಾಗಿ ಮಕ್ಕಳ ತೊಟ್ಟಿಲು, ಮಂಚ ಇರೋ ಜಾಗದ ಮೇಲಿನವು. ರೋಪಿಗೆ ದುಡ್ಡು ಹೊಂದಿಸೋಕೆ ಇನ್ನೊಂದು ವರ್ಷ ಬೇಕು ಅನ್ನೋರು ಅಲ್ಲಿತನಕ ಬಿಡಿ ಕಲ್ಲಿನ ಬದಲು ಮರಳು ಚೀಲಗಳನ್ನ ಜೋಡಿ ಜೋಡಿಯಾಗಿ ಹಗ್ಗದಲ್ಲಿ ಕಟ್ಟಿ, ಮೇಲ್ತುದಿಯ ಎರಡೂ ಕಡೆ ಇಳಿಬಿಡಿ. ಅದು ಪರಿಹಾರ ಅಲ್ಲ ಅಂತ ಮೇಲಿನ ಲೆಕ್ಕದಲ್ಲೇ ನೋಡಿದ್ವಿ, ಆದ್ರೆ ಒಂದಕ್ಕೊಂದು ಕಟ್ಟಿರೋದು ಉರುಳಿ ಒಳಗೆ ಬೀಳೋದು ಕಮ್ಮಿ.

ಹಂಚಿನ ಮನೆಯೋರಿಗೆ

ಮಂಗಳೂರು ಹಂಚು ಒಂದೊಂದೂ ಎರಡೂವರೆ ಕೆಜಿ ಹತ್ರ ತೂಗೋದ್ರಿಂದ ತಗಡಿನಷ್ಟು ಸುಲಭಕ್ಕೆ ಏಳಲ್ಲ. ಏಳೋದು ಸೂರಿನ ಕೊನೇ ಎರಡು ಸಾಲು, ಪಕ್ಕದ ಅಂಚು, ಮೇಲ್ತುದಿಯ ಹಂಚು. ಒಂದು ಎದ್ರೆ ಪಕ್ಕದ್ದಕ್ಕೆ ಹಿಡಿತ ತಪ್ಪಿ ಸಾಲಾಗಿ ಜಾರ್ತವೆ. ಹಂಚನ್ನ ತಿರುಗಿಸಿ ನೋಡಿ, ಕೆಳಮೈಯಲ್ಲಿ ಉಬ್ಬಿದ ಒಂದು ಮೂಗು ಥರದ್ದಿರುತ್ತೆ, ಅದರಲ್ಲಿ ಸಣ್ಣ ತೂತು ಇರುತ್ತೆ, ಅದು ಇರೋದೇ ತಂತಿ ಕಟ್ಟೋಕೆ. ಎಷ್ಟೋ ಮನೆಗಳಲ್ಲಿ ಅದನ್ನ ಉಪಯೋಗಿಸಿರೋದೇ ಇಲ್ಲ. ಸತು ಲೇಪದ ತಂತಿ ತಗೊಂಡು ಅಂಚಿನ ಸಾಲಿನ ಪ್ರತಿ ಹಂಚನ್ನ ಕೆಳಗಿನ ರೀಪಿಗೆ, ಅಂದ್ರೆ ಹಂಚು ಕೂರೋ ಅಡ್ಡ ಮರದ ಪಟ್ಟಿಗೆ ಕಟ್ಟಿ, ಒಳಗಿನ ಸಾಲುಗಳಲ್ಲಿ ಒಂದು ಬಿಟ್ಟು ಒಂದು ಕಟ್ಟಿದ್ರೂ ಆಯ್ತು. ಮೇಲ್ತುದಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ರೆ ಮಳೆಗಾಲಕ್ಕೆ ಮುಂಚೆ ಕೆತ್ತಿ ಹೊಸದಾಗಿ ಹಾಕ್ಸಿ.

ರೀಪಿಗೆ, ಅದನ್ನ ಹೊತ್ತಿರೋ ಪಕ್ಕಾಸಿಗೆ ಗೆದ್ದಲು ಹತ್ತಿದ್ಯಾ ಅಂತ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ, ಸುಲಭಕ್ಕೆ ಒಳಗೆ ಹೋದ್ರೆ ಆ ಮರ ಬದಲಾಯಿಸ್ಲೇಬೇಕು. ಸೋರುತ್ತೆ ಅಂತ ಹಂಚಿನ ಮೇಲೆ ಟಾರ್ಪಾಲ್ ಹೊದಿಸಿ ಕಲ್ಲಿಡೋ ಅಭ್ಯಾಸ ಕರಾವಳಿ, ಮಲೆನಾಡಲ್ಲಿ ಇದೆ, ಗಾಳಿ ಟಾರ್ಪಾಲಿನ ಒಳಗೆ ಹೊಕ್ರೆ ಹಂಚನ್ನೂ ಎಳ್ಕೊಂಡು ಹೋಗುತ್ತೆ. ಹೊದಿಸ್ಲೇಬೇಕಂದ್ರೆ ಅಂಚನ್ನ ರೀಪಿಗೆ ಸುತ್ತಿ ಮೊಳೆ ಹೊಡೀರಿ, ಮೇಲಿಂದ ನೈಲಾನ್ ಬಲೆ ಹಾಕಿ ಪಕ್ಕಾಸಿಗೆ ಬಿಗೀರಿ.

ಹಂತ 4: ಆರ್‌ಸಿಸಿ ಮನೆ ಆದ್ರೆ ಟೆರೇಸ್ ಮೇಲೆ ಏನಿದೆ ನೋಡಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಥರದ ಊರಲ್ಲಿ ಮನೆ ಗಟ್ಟಿನೇ ಇರುತ್ತೆ, ಹಾರೋದು ಟೆರೇಸ್ ಮೇಲಿಂದು. ಅದು ಹಾರಿ ಬೀಳೋದು ಬೀದಿಲಿ ಹೋಗೋರ ಮೇಲೆ ಅನ್ನೋದನ್ನ ನೆನಪಿಟ್ಕೊಳ್ಳಿ.

ಬಟ್ಟೆ ಒಣಗಿಸೋಕೆ, ಫಂಕ್ಷನ್‌ಗೆ ಅಂತ ಟೆರೇಸ್ ಮೇಲೆ ಹಾಕಿಸೋ ಶೀಟ್ ಶೆಡ್ಡೇ ಎಲ್ಲಕ್ಕಿಂತ ಅಪಾಯದ್ದು. ಎತ್ತರ ಜಾಸ್ತಿ, ಸುತ್ತ ಗೋಡೆ ಇಲ್ಲ, ಕೆಳಗಿಂದ ಗಾಳಿ ನೇರ ಹೊಡೆಯುತ್ತೆ. ಕಂಬದ ಬುಡದ ಪ್ಲೇಟನ್ನ ಸಣ್ಣ ಆಂಕರ್ ಬೋಲ್ಟಲ್ಲಿ ಬರೀ ಮೇಲಿನ ಗಾರೆಗೆ ಹಿಡಿಸಿರ್ತಾರೆ, ಅದು ಕಾಂಕ್ರೀಟ್ ತನಕ ಇಳಿದೇ ಇರಲ್ಲ. ಪ್ಲೇಟಿನ ಸುತ್ತ ಗಾರೆ ಒಡೆದಿದ್ಯಾ, ನಟ್ ತುಕ್ಕು ಹಿಡಿದಿದ್ಯಾ ನೋಡಿ, ಅನುಮಾನ ಇದ್ರೆ ಒಬ್ಬ ಇಂಜಿನಿಯರನ್ನ ಕರೆಸಿ. ಕಂಬ ಕಂಬದ ಮಧ್ಯೆ ಅಡ್ಡಡ್ಡ ಕತ್ತರಿ ಥರ ಪೈಪ್ ವೆಲ್ಡ್ ಮಾಡ್ಸಿದ್ರೆ ಅಲ್ಲಾಟ ಬಹಳ ಕಮ್ಮಿ ಆಗುತ್ತೆ.

ಸೋಲಾರ್ ಪ್ಯಾನೆಲ್ ಈಚೆಗೆ ಬೀದಿ ಬೀದಿಲಿ ಬಂದಿದೆ, 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾದ ಮೇಲಂತೂ ಇನ್ನೂ. ಒಂದು ಪ್ಯಾನೆಲ್ ಎರಡು ಚದರ ಮೀಟರ್ ಮೇಲಿರುತ್ತೆ, ಅಂದ್ರೆ 100 ಕಿಮೀ ಗಾಳಿಲಿ ಪ್ಯಾನೆಲ್ ಒಂದಕ್ಕೆ 90 ಕೆಜಿ ಎಳೆತ, ಹತ್ತು ಪ್ಯಾನೆಲ್ ಇದ್ರೆ 900 ಕೆಜಿ. ಕೆಳಗೆ ಜಾಗ ಸಿಗ್ಲಿ ಅಂತ ಎಂಟಡಿ ಎತ್ತರಕ್ಕೆ ಸ್ಟ್ರಕ್ಚರ್ ಮಾಡಿಸಿದ್ರೆ ಬುಡದ ಬೋಲ್ಟುಗಳ ಮೇಲೆ ಒತ್ತಡ ಇನ್ನೂ ಹೆಚ್ಚು. ವರ್ಷಕ್ಕೊಂದು ಸಲ ಪ್ಯಾನೆಲ್ ಹಿಡಿದಿರೋ ಕ್ಲ್ಯಾಂಪನ್ನೆಲ್ಲಾ ಸ್ಪ್ಯಾನರಲ್ಲಿ ಬಿಗಿ ಮಾಡ್ಸಿ. ಸೋಲಾರ್ ಗೀಸರ್ ಸ್ಟ್ಯಾಂಡು ತುಂಬಾ ಕಡೆ ಟೆರೇಸ್ ಮೇಲೆ ಸುಮ್ನೆ ನಿಂತಿರುತ್ತೆ, ತೂತು ಮಾಡಿದ್ರೆ ಸೋರುತ್ತೆ ಅಂತ ಮನೆಯೋರೇ ಬೇಡ ಅಂದಿರ್ತಾರೆ. ತೂತು ಮಾಡ್ದೇನೂ ದಾರಿ ಇದೆ, ಪ್ರತಿ ಕಾಲಿಗೂ ಅಡಿ ಅಗಲದ ಕಾಂಕ್ರೀಟ್ ಕಟ್ಟೆ ಹಾಕಿ ಬೋಲ್ಟನ್ನ ಅದರಲ್ಲೇ ಹುಗಿಸ್ಬೋದು.

ನೀರಿನ ಟ್ಯಾಂಕು ತುಂಬಿದ್ರೆ ಎಲ್ಲೂ ಹೋಗಲ್ಲ, ಸಾವಿರ ಲೀಟರ್ ಅಂದ್ರೆ ಒಂದು ಟನ್. ಖಾಲಿ ಟ್ಯಾಂಕನ್ನ ಒಬ್ಬ ಆಳು ಎತ್ಬೋದು, ಗಾಳಿಗೂ ಅಷ್ಟೇ ಸುಲಭ. ಗಾಳಿ ಮುನ್ಸೂಚನೆ ಇರೋ ದಿನ ಮಧ್ಯಾಹ್ನದೊಳಗೇ ಮೋಟಾರ್ ಹಾಕಿ ತುಂಬಿಸಿ. ನಾಲ್ಕೂವರೆ ಇಂಚಿನ ಉದ್ದನೆ ಪ್ಯಾರಾಪೆಟ್ ಗೋಡೆಗೆ ಮಧ್ಯೆ ಪಿಲ್ಲರ್ ಇಲ್ಲದೇ ಇದ್ರೆ ಅದಕ್ಕೆ ಹಗ್ಗ, ಶಾಮಿಯಾನ, ಹಸಿರು ನೆಟ್ ಏನೂ ಕಟ್ಬೇಡಿ, ಗಾಳಿ ಆ ಬಟ್ಟೆಯನ್ನ ಹಿಡಿದು ಗೋಡೆನೇ ಕೆಡವುತ್ತೆ. ಪ್ಯಾರಾಪೆಟ್ ಮೇಲೆ ಹೂವಿನ ಕುಂಡ ಇಡೋದು ಯಾವ ಕಾಲಕ್ಕೂ ಬೇಡ. ಅಪಾರ್ಟ್‌ಮೆಂಟಲ್ಲಿ ಮೇಲಿನ ಮಹಡಿಯೋರಿಗೆ ಗಾಳಿ ಕೆಳಗಿನೋರಿಗಿಂತ ಜೋರು, ಬಾಲ್ಕನಿಯ ಕಂಬಿಗೆ ನೇತುಹಾಕಿದ ಕುಂಡಗಳನ್ನ ಮಾರ್ಚ್‌ನಲ್ಲೇ ಒಳಗೆ ನೆಲದ ಮೇಲಿಡಿ.

ಮನೆ ಪಕ್ಕ ದೊಡ್ಡ ಹೋರ್ಡಿಂಗ್ ಇದ್ರೆ ಸುಮ್ನಿರಬೇಡಿ. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ 120 ಅಡಿ ಎತ್ತರ 120 ಅಡಿ ಅಗಲದ ಹೋರ್ಡಿಂಗ್ ಬಿರುಗಾಳಿಗೆ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ರು. ಪಾಲಿಕೆಗೆ ಬರವಣಿಗೆಲಿ ದೂರು ಕೊಡಿ, ಸ್ವೀಕೃತಿ ಇಸ್ಕೊಳ್ಳಿ.

ಬಾಗಿಲು ಕಿಟಕಿ

ಒತ್ತಡ ಸಮ ಆಗ್ಲಿ ಅಂತ ಕಿಟಕಿ ತೆಗೆದಿಡ್ಬೇಕು ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಎಲ್ಲಾ ಮುಚ್ಚಿ, ಚಿಲಕ ಹಾಕಿ. ಎರಡು ರೆಕ್ಕೆಯ ಬಾಗಿಲಿಗೆ ಮೇಲೆ ಕೆಳಗೆ ಎರಡೂ ಚಿಲಕ ಬೀಳ್ಬೇಕು, ನೆಲದ ತೂತಲ್ಲಿ ಮಣ್ಣು ತುಂಬಿದ್ರೆ ಕೆಳಗಿನ ಚಿಲಕ ಅರ್ಧಕ್ಕೇ ನಿಲ್ಲುತ್ತೆ, ಅದನ್ನ ಕೆದಕಿ ತೆಗೀರಿ. ಗಾಜಿನ ಮೇಲೆ ಕತ್ತರಿ ಗುರುತಿನ ಹಾಗೆ ಟೇಪ್ ಅಂಟಿಸೋದ್ರಿಂದ ಗಾಜು ಒಡೆಯೋದು ನಿಲ್ಲಲ್ಲ. ಪರದೆ ಎಳೆದುಬಿಡಿ, ಮಂಚ ಕಿಟಕಿಯಿಂದ ದೂರ ಸರಿಸಿ.

ಹಂತ 5: ಮರ

2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿಮೀ ಮಳೆ ಬಿತ್ತು, ನೂರಾರು ಮರ, ಕೊಂಬೆ ನೆಲಕ್ಕೆ ಬಂತು. ಗುಲ್‌ಮೊಹರ್, ಮಳೆಮರದಂಥವು ಬೇಗ ಬೆಳೆಯುತ್ವೆ, ಆದ್ರೆ ಚರಂಡಿ, ಕೇಬಲ್, ಫುಟ್‌ಪಾತ್ ಅಂತ ಬುಡದ ಬೇರನ್ನ ಒಂದು ಪಕ್ಕ ಕಡಿದುಹಾಕಿದ್ರೆ ಯಾವ ಮರ ಆದ್ರೂ ನಿಲ್ಲೋದು ಕಷ್ಟ. ಹಾಗಾಗಿ ಮೇಲೆ ನೋಡೋದಕ್ಕಿಂತ ಮೊದಲು ಬುಡ ನೋಡಿ. ಒಂದು ಪಕ್ಕ ಮಣ್ಣು ಎದ್ದು ಬಿರುಕು ಬಿಟ್ಟಿದ್ಯಾ, ಬುಡದಲ್ಲಿ ಅಣಬೆ ಎದ್ದಿದ್ಯಾ, ಕಾಂಡಕ್ಕೆ ತಟ್ಟಿದ್ರೆ ಟೊಳ್ಳು ಸದ್ದು ಬರುತ್ತಾ, ಕಾಂಡ ಎರಡಾಗಿ ಒಡೆದ ಕವಲಲ್ಲಿ ಸೀಳು ಕಾಣುತ್ತಾ. ಇದರಲ್ಲಿ ಒಂದಿದ್ರೂ ಅರಣ್ಯ ಇಲಾಖೆಗೋ ಪಾಲಿಕೆಯ ಅರಣ್ಯ ವಿಭಾಗಕ್ಕೋ ಅರ್ಜಿ ಕೊಡಿ, ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇರೋದ್ರಿಂದ ಹೆಚ್ಚಿನ ಮರಗಳನ್ನ ನಿಮ್ಮ ಜಾಗದಲ್ಲಿದ್ರೂ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ಆರೋಗ್ಯವಾಗಿರೋ ಮರನ ಮಾತ್ರ ಹೆದರಿ ಕಡೀಬೇಡಿ, ತಲೆ ಬೋಳಿಸೋದೂ ಬೇಡ. ಬೋಳಿಸಿದ ಜಾಗದಲ್ಲಿ ಬರೋ ಹೊಸ ಕೊಂಬೆಗಳು ಸಡಿಲ ಹಿಡಿತದಲ್ಲಿ ಬೆಳೆದು ಮುಂದಿನ ಗಾಳಿಗೆ ಅವೇ ಮೊದಲು ಮುರೀತವೆ. ಒಣಗಿದ್ದು, ಮಾಡಿನ ಮೇಲೆ ಚಾಚಿದ್ದು ಇಷ್ಟನ್ನ ತೆಗೆಸಿ. ತೆಂಗಿನ ಮರದ ಒಣ ಗರಿ, ಬಲಿತ ಕಾಯಿ ಮೇ ಮೊದಲ ವಾರದೊಳಗೆ ಇಳಿಸಿಬಿಡಿ. ಕರೆಂಟ್ ತಂತಿಗೆ ತಾಗೋ ಕೊಂಬೆ ಇದ್ರೆ ನೀವು ಕತ್ತಿ ಎತ್ಬೇಡಿ, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿ ಅವರೇ ಕಡೀತಾರೆ.

ಮುನ್ಸೂಚನೆ ಬಂದ ದಿನ

ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಯ ಸೂಚನೆ ಕೊಡುತ್ತೆ, ಅದರಲ್ಲಿ ಗಾಳಿ ವೇಗ 30-40, 40-50, 50-60 ಕಿಮೀ ಅಂತ ಬರೆದಿರುತ್ತೆ. ಮಳೆ ಎಷ್ಟು ಅಂತ ಮಾತ್ರ ನೋಡಿ ಬಿಡೋರೇ ಜಾಸ್ತಿ, ನೀವು ಗಾಳಿ ವೇಗ ಓದಿ. ಹಳದಿ ಅಂದ್ರೆ ಗಮನ ಇರ್ಲಿ, ಕಿತ್ತಳೆ ಅಂದ್ರೆ ತಯಾರಾಗಿ, ಕೆಂಪು ಅಂದ್ರೆ ಈಗ್ಲೇ ಕೆಲಸ ಮಾಡಿ. ವಿಪತ್ತಿನ ಎಚ್ಚರಿಕೆಗೆ ಸಚೇತ್ ಆಪ್, ಸಿಡಿಲಿಗೆ ದಾಮಿನಿ ಆಪ್ ಫೋನಲ್ಲಿ ಇಟ್ಕೊಳ್ಳಿ. ಆಪ್ ನೋಡೋಕೆ ಆಗ್ಲಿಲ್ಲ ಅಂದ್ರೂ ಆಕಾಶ ಹೇಳುತ್ತೆ. ಸೆಕೆ ಹಿಂಡ್ತಿದ್ದಿದ್ದು ಇದ್ದಕ್ಕಿದ್ದಂಗೆ ತಣ್ಣಗೆ ಗಾಳಿ ಬಂದು ಧೂಳು ಎದ್ರೆ ಮಳೆ ಹನಿಗಿಂತ ಮೊದಲು ಜೋರು ಗಾಳಿ ಬರೋದು ಗ್ಯಾರಂಟಿ ಅಂತಾನೇ ತಿಳೀರಿ, ಆಗ ಟೆರೇಸಿಗೆ ಬಟ್ಟೆ ತರೋಕೆ ಓಡೋ ಹೊತ್ತಲ್ಲ ಅದು.

ಅಷ್ಟರೊಳಗೆ ಅಂಗಳದಲ್ಲಿರೋ ಪ್ಲಾಸ್ಟಿಕ್ ಕುರ್ಚಿ, ಬಿಡಿ ಶೀಟ್ ತುಂಡು, ಖಾಲಿ ಡ್ರಮ್ ಒಳಗೆ ಹಾಕಿ. ಟ್ಯಾಂಕ್ ತುಂಬಿಸಿ, ಫೋನ್ ಚಾರ್ಜ್ ಮಾಡಿ, ಗಾಡಿನ ಮರದ ಕೆಳಗಿಂದ ತೆಗೀರಿ. ದನಕರುಗಳನ್ನ ಮರದ ಕೆಳಗೆ, ಸಡಿಲ ಶೀಟಿನ ಕೊಟ್ಟಿಗೆಲಿ ಕಟ್ಟಿದ್ರೆ ಬಿಚ್ಚಿ ಬೇರೆ ಕಡೆ ಕಟ್ಟಿ, ಬೇರೆ ಜಾಗ ಇಲ್ಲ ಅಂದ್ರೆ ಹಗ್ಗ ಬಿಚ್ಚಿ ಬಿಟ್ಬಿಡಿ.

ಗಾಳಿ ನಡೀತಿರೋವಾಗ

ಮಾಡಿಗೆ ಕೈ ಕೊಟ್ಟು ಹಿಡ್ಕೊಳ್ಳೋಕೆ ಹೋಗ್ಬೇಡಿ. ಶೀಟ್ ಏಳ್ತಿದೆ ಅಂತ ಪೈಪಿಗೆ ಜೋತುಬಿದ್ದು ಹಿಡಿಯೋರನ್ನ ನೋಡಿದೀನಿ, 430 ಕೆಜಿ ಎಳೆತಕ್ಕೆ ಮನುಷ್ಯನ ತೂಕ ಲೆಕ್ಕಕ್ಕೇ ಬರಲ್ಲ, ಶೀಟಿನ ಅಂಚು ಕತ್ತಿ ಥರ ಕೊಯ್ಯುತ್ತೆ. ಮೇನ್ ಸ್ವಿಚ್ ಆಫ್ ಮಾಡಿ. ಆರ್‌ಸಿಸಿ ಇರೋ ಕೋಣೆಯೋ ಬಚ್ಚಲೋ ಇದ್ರೆ ಎಲ್ಲರೂ ಅಲ್ಲಿಗೆ ಹೋಗಿ, ಪೂರ್ತಿ ಶೀಟ್ ಮನೆ ಆದ್ರೆ ಗಾಳಿ ಏಳೋಕೆ ಮುಂಚೆನೇ ಪಕ್ಕದ ಗಟ್ಟಿ ಮನೆಗೋ ಶಾಲೆಗೋ ಹೋಗಿಬಿಡಿ. ಸಂಕೋಚ ಬೇಡ, ಹಿಂದಿನ ದಿನವೇ ಅವರಿಗೊಂದು ಮಾತು ಹೇಳಿಟ್ಟಿರಿ. ಮನೆಯೊಳಗೇ ಸಿಕ್ಕಿಹಾಕ್ಕೊಂಡ್ರೆ ಗಟ್ಟಿ ಮಂಚ, ಮೇಜಿನ ಕೆಳಗೆ ಮಕ್ಕಳನ್ನ ಕೂರಿಸಿ.

ಗಾಳಿ ನಿಂತ ಮೇಲೆ

ಮೊದಲು ತಂತಿ ನೋಡಿ, ಆಮೇಲೆ ಮಾಡು. ಹರಿದು ಬಿದ್ದ ತಂತಿ ಬೇಲಿಗೋ ಒದ್ದೆ ಶೀಟಿಗೋ ತಾಗಿದ್ರೆ ಅದೂ ಕರೆಂಟ್ ಹೊಡೆಯುತ್ತೆ, ಕೋಲಲ್ಲಿ ಸರಿಸೋಕೆ ಹೋಗ್ಬೇಡಿ, ಹತ್ತು ಹೆಜ್ಜೆ ದೂರ ನಿಂತು 1912ಕ್ಕೆ, ಜೀವಕ್ಕೆ ಅಪಾಯ ಇದ್ರೆ 112ಕ್ಕೆ ಫೋನ್ ಮಾಡಿ. ಒದ್ದೆ ಮಾಡಿನ ಮೇಲೆ ರಾತ್ರಿ ಹತ್ತೋದು ಬೇಡ. ಸಿಮೆಂಟ್ ಶೀಟ್ ಒಡೆದಿದ್ರೆ ಆ ಚೂರುಗಳನ್ನ ಒಣಗಿದ್ದಂಗೇ ಗುಡಿಸ್ಬೇಡಿ, ಹಳೇ ಶೀಟಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಕೊಂಡು ಎತ್ತಿ.

ರಿಪೇರಿಗೆ ಕೈ ಹಾಕೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ, ಒಳಗಿನ ಸಾಮಾನಿನ ಫೋಟೋ, ವಿಡಿಯೋ ತೆಗೀರಿ. ಅದೇ ದಿನ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಸ್ಥಳ ಮಹಜರು ಮಾಡಿಸಿ, ಅರ್ಜಿ ಜೊತೆ ಆಧಾರ್, ಮನೆ ಪತ್ರ, ಬ್ಯಾಂಕ್ ಪಾಸ್‌ಬುಕ್ ನಕಲು ಇಡಿ. 2022-26ರ ಅವಧಿಗೆ ಇದ್ದ ವಿಪತ್ತು ಪರಿಹಾರ ನಿಯಮದ ಪ್ರಕಾರ ಮನೆಗೆ ಕನಿಷ್ಠ 15 ಪರ್ಸೆಂಟ್ ಹಾನಿ ಆಗಿರ್ಬೇಕಿತ್ತು, ಭಾಗಶಃ ಹಾಳಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ಇತ್ತು. ಹತ್ತು ಶೀಟೂ ಬರಲ್ಲ ಆ ದುಡ್ಡಿಗೆ, ಹಾಗಾಗಿ ಅದನ್ನೊಂದೇ ನಂಬೋದು ಬೇಡ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಒಂದು ವಿಮೆ ಇದೆ, ಬಿರುಗಾಳಿ, ಚಂಡಮಾರುತ, ಸಿಡಿಲು ಎಲ್ಲಾ ಅದರಲ್ಲಿ ಸೇರುತ್ತೆ, ಬೇರೆ ಬೇರೆ ಕಂಪನಿಯೋರು ಮಾರಿದ್ರೂ ನಿಯಮಗಳು ಒಂದೇ. ಪಾಲಿಸಿ ಮಾಡಿಸೋವಾಗ ಮನೆ ಮಾಡು ಶೀಟಿಂದು ಅಂತ ಇದ್ದಿದ್ದನ್ನ ಇದ್ದ ಹಾಗೇ ಬರೆಸಿ, ಟೆರೇಸ್ ಶೆಡ್, ಸೋಲಾರ್ ಪ್ಯಾನೆಲ್ ಸೇರಿದ್ಯಾ ಅಂತ ಕೇಳಿ ಬರಹದಲ್ಲಿ ತಗೊಳ್ಳಿ. ಹಾನಿ ಆದ ಕೂಡ್ಲೇ ವಿಮೆಯೋರಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಇಸ್ಕೊಳ್ಳಿ, ಸರ್ವೇಯರ್ ಬಂದು ನೋಡೋ ತನಕ ಬಾಗಿದ ಶೀಟು, ಕಿತ್ತ ಸ್ಕ್ರೂಗಳನ್ನ ಗುಜರಿಗೆ ಹಾಕ್ಬೇಡಿ. ಮಳೆ ಒಳಗೆ ಸುರಿಯೋದು ತಪ್ಪಿಸೋಕೆ ಟಾರ್ಪಾಲ್ ಹೊದಿಸಿದ್ರೆ ಅದರ ಬಿಲ್ಲನ್ನೂ ತೆಗೆದಿಟ್ಕೊಂಡಿರಿ.